ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಿರೋ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್: ಡೇಟಾ ತೆಗೆಯೋದು ಹೇಗೆ?

ಮಲ್ಲೇಶ್ವರ_18
ಎರಡೂವರೆ ಇಂಚಿನ ಯುಎಸ್‌ಬಿ ಡಿಸ್ಕ್, ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ). ತಿರುಗೋ ಸದ್ದು ಇದೆ, ಟಕ್ ಟಕ್ ಇಲ್ಲ. ವಿಂಡೋಸ್‌ನಲ್ಲಿ 931 ಜಿಬಿ ಅಂತ ಸರಿಯಾಗೇ ತೋರಿಸುತ್ತೆ, ಆದರೆ 'ರಾ' (ಫೈಲ್ ವ್ಯವಸ್ಥೆ ಗುರುತು ಸಿಗ್ತಿಲ್ಲ) ಅಂದು ಫಾರ್ಮ್ಯಾಟ್ ಕೇಳುತ್ತೆ. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ ಎಚ್ಚರಿಕೆ, ಸಿ5 ಎದುರು ಸೊನ್ನೆ ಇಲ್ಲ. ಒಳಗಿರೋದು ಫೋಟೋಗಳು, ನುಡಿಯಲ್ಲಿ ಟೈಪ್ ಮಾಡಿದ ಕಡತಗಳು. ವಿಂಡೋಸ್‌ನ ರಿಪೇರಿ ಕಮಾಂಡು ಚೆಕ್‌ಡಿಸ್ಕ್ ಓಡಿಸಲಾ, ಇಲ್ಲ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಒಯ್ದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಬದಲಿಸಲಾ?

ತಿರುಗೋ_ತಟ್ಟೆ
ಎರಡೂ ಬೇಡ ಸರ್. ಡಿಸ್ಕ್ ತಿರುಗಿ ಸೈಜ್ ಸರಿಯಾಗಿ ಹೇಳ್ತಿದೆ ಅಂದ್ರೆ ಬೋರ್ಡ್ ಬಹುತೇಕ ಚೆನ್ನಾಗಿದೆ. ಸುಮ್ಮನೆ ಬೋರ್ಡ್ ಬದಲಿಸಿದರೆ ಸಾಮಾನ್ಯವಾಗಿ ನಡೆಯೋದೂ ಇಲ್ಲ: ಆ ಡಿಸ್ಕಿಗೇ ಹೊಂದಿಸಿದ ಮಾಹಿತಿ ಹಳೇ ಬೋರ್ಡಿನ ರೋಮ್ ಚಿಪ್‌ನಲ್ಲಿರುತ್ತೆ, ಅದನ್ನೂ ಕಿತ್ತು ಬೆಸುಗೆ ಹಾಕಬೇಕು. ಚೆಕ್‌ಡಿಸ್ಕ್ ಇನ್ನೂ ಕೆಟ್ಟದ್ದು. ರಿಪೇರಿಗೆ ಅಂತ /f ಕೊಟ್ಟು ಓಡಿಸಿದರೆ ಅದು ಓದೋದಷ್ಟೇ ಅಲ್ಲ, ಡಿಸ್ಕಿನ ಮೇಲೆ ಬರೆಯುತ್ತೆ. ಕೈಗೆ ಸಿಗಬಹುದಾಗಿದ್ದ ಹೆಸರು, ಫೋಲ್ಡರ್ ಎಲ್ಲ ಹೋಗಿ ಬರೀ ತುಂಡುಗಳು ಉಳಿಯಬಹುದು.

ಸಿ5 ಅಂದ್ರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಪುಟ್ಟ ಪುಟ್ಟ ಭಾಗಗಳ) ಎಣಿಕೆ. ಹಾಗಾಗಿ ಮೊದಲು ಪೂರ್ತಿ ನಕಲು, ಆಮೇಲೆ ಹುಡುಕಾಟ. ಉಬುಂಟು ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆ ಓಡೋ ಲಿನಕ್ಸ್) ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡಬೇಡಿ, ಅಂದ್ರೆ ಫೋಲ್ಡರಾಗಿ ತೆರೆಯಬೇಡಿ. ನಕಲು ಮಾಡೋ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ (gddrescue), ಕಮಾಂಡು ಮಾತ್ರ ಡಿಡಿರೆಸ್ಕ್ಯೂ (ddrescue). ಮೊದಲ ಸುತ್ತಿಗೆ -ಡಿ (-d), -ಎನ್ (-n) ಆಯ್ಕೆ: ಸುಲಭವಾಗಿ ಬರೋದನ್ನೆಲ್ಲ ಎತ್ತಿಕೊಂಡು ಕೆಟ್ಟ ಜಾಗವನ್ನು ಕೆರೆಯದೆ ಬಿಡುತ್ತೆ. ಎರಡನೇ ಸುತ್ತಿಗೆ -ಎನ್ ತೆಗೆದು -ಆರ್3 (-r3), ಅಂದ್ರೆ ಕೆಟ್ಟ ಜಾಗವನ್ನು ಮೂರು ಸಲ ಮತ್ತೆ ಓದೋ ಪ್ರಯತ್ನ. ನಕಲನ್ನು ಬೇರೆ 2 ಟಿಬಿ ಡಿಸ್ಕಿನಲ್ಲಿ ಇಮೇಜ್ ಫೈಲಾಗಿ (ಇಡೀ ಡಿಸ್ಕಿನ ನಕಲು ಒಂದೇ ಫೈಲಿನಲ್ಲಿ) ಉಳಿಸಿ. ಆ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿಗೇ ನಿಂತುಹೋಗುತ್ತೆ.

ಕರೆಂಟ್_ಹೋಯ್ತು
ಡಿಡಿರೆಸ್ಕ್ಯೂಗೆ ಮ್ಯಾಪ್ ಫೈಲ್ ಕೊಡೋದು ಮರೀಬೇಡಿ. ಎಲ್ಲಿಯವರೆಗೆ ಓದಿದೆ ಅನ್ನೋ ಲೆಕ್ಕ ಇರೋದು ಅದರಲ್ಲೇ. ಲೈವ್ ಉಬುಂಟುವಿನ ಹೋಮ್ ಫೋಲ್ಡರಿನಲ್ಲಿಟ್ಟರೆ ಅದು ಮೆಮೊರಿಯಲ್ಲಿರುತ್ತೆ. ಬೆಸ್ಕಾಂ ಒಂದು ಸಲ ಕಣ್ಣು ಮಿಟುಕಿಸಿದರೆ ಮಾಯ. ಇಮೇಜ್ ಪಕ್ಕದಲ್ಲೇ ಇಡಿ.

ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ ಮೂರು ಗಂಟೆ ಸಾಕು, ಕೆಟ್ಟ ಜಾಗಗಳು ಹೆಚ್ಚಿದ್ದರೆ ದಿನಗಟ್ಟಲೆ. ಯುಎಸ್‌ಬಿ ಹಬ್ ಬೇಡ, ನೇರ ಪೋರ್ಟಿಗೆ ಹಾಕಿ. ಮಧ್ಯದಲ್ಲಿ ಡಿಸ್ಕ್ ಕಾಣೆಯಾದರೆ ಕಿತ್ತು ಮತ್ತೆ ಚುಚ್ಚಿ, ಆದರೆ ಲಿನಕ್ಸ್ ಡಿಸ್ಕಿಗೆ ಕೊಟ್ಟ ಹೆಸರು ಎಸ್‌ಡಿಬಿ (sdb) ಇದ್ದದ್ದು ಎಸ್‌ಡಿಸಿ (sdc) ಆಗಿರಬಹುದು. ಪ್ರತಿ ಸಲ ಡಿಸ್ಕುಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡು ಕೊಟ್ಟು ಸೈಜ್ ನೋಡಿಯೇ ಮುಂದುವರಿಸಿ. ಟಕ್ ಟಕ್ ಶುರುವಾದರೆ ಅಲ್ಲಿಗೇ ಆಫ್: ತಟ್ಟೆಯಿಂದ ಓದೋ ಹೆಡ್ ಹೋಗ್ತಿದೆ ಅಂತ ಅರ್ಥ, ಮುಂದಿನದು ಕ್ಲೀನ್‌ರೂಮ್ (ಧೂಳಿಲ್ಲದ ಕೋಣೆ) ಇರೋವರ ಕೆಲಸ. ಫ್ರೀಜರಿನಲ್ಲಿಡಿ ಅಂತ ಯಾರಾದರೂ ಹೇಳೇ ಹೇಳ್ತಾರೆ. ತಟ್ಟೆ ಮೇಲೆ ತೇವ ಕೂರುತ್ತೆ, ಅಷ್ಟೇ.

ಮಲ್ಲೇಶ್ವರ_18
ಬೇಕಿರೋದು 200 ಜಿಬಿ ಫೋಟೋ ಫೋಲ್ಡರ್ ಮಾತ್ರ. ಅಷ್ಟಕ್ಕೆ ಪೂರ್ತಿ ನಕಲು ಬೇಕಾ?

ತಿರುಗೋ_ತಟ್ಟೆ
ಬೇಕು. ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿಗೇ ಪೆಟ್ಟು ಬಿದ್ದಿರೋ ಹಾಗಿದೆ, ಡಿಡಿರೆಸ್ಕ್ಯೂಗೆ ಫೋಲ್ಡರ್ ಅನ್ನೋದೇ ಗೊತ್ತಿಲ್ಲ. ಇಮೇಜ್ ಆದಮೇಲೆ ಅದರ ಮೇಲೆ ಮೊದಲು ಟೆಸ್ಟ್‌ಡಿಸ್ಕ್ ಓಡಿಸಿ. ಪಟ್ಟಿ ಸ್ವಲ್ಪ ಉಳಿದಿದ್ದರೂ ಹೆಸರು ಸಮೇತ ಫೈಲ್ ಕಾಪಿ ಮಾಡಿಕೊಳ್ಳಬಹುದು. ಅದೂ ಆಗದಿದ್ದರೆ ಫೋಟೋರೆಕ್. ಫೋಟೋ ಬರುತ್ತೆ, ಹೆಸರು ಮತ್ತು ಫೋಲ್ಡರ್ ಬರಲ್ಲ, ಚೂರುಚೂರಾಗಿ ಹರಡಿದ್ದ ಫೈಲುಗಳು ಅರ್ಧಂಬರ್ಧ.

ನುಡಿ ಕಡತ ತೆರೆದಾಗ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಂಡರೆ ಹಾಳಾಗಿದೆ ಅಂತ ಅಳಿಸಿಬಿಡಬೇಡಿ. ಹಳೇ ನುಡಿ ಯೂನಿಕೋಡ್ ಅಲ್ಲ, ಆ ಫಾಂಟ್ ಹಾಕಿದರೆ ಕನ್ನಡ ಕಾಣುತ್ತೆ.