ಡಾಲ್ಟನ್ ಹೆದ್ದಾರಿಗೆ ಬಾಡಿಗೆ ಕಾರು ಸಾಕೇ?

ಪ್ರಶ್ನೆ: ಜುಲೈನಲ್ಲಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ಡೆಡ್‌ಹಾರ್ಸ್‌ವರೆಗೆ ಬಾಡಿಗೆ ಕಾರಿನಲ್ಲಿ ಹೋಗಬೇಕೆಂದಿದ್ದೇವೆ. ಸುಮಾರು 666 ಕಿ.ಮೀ. ಉದ್ದದ ಡಾಲ್ಟನ್ ಹೆದ್ದಾರಿಗೆ ಏನೇನು ಸಿದ್ಧತೆ ಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಬಾಡಿಗೆಯ ಕರಾರನ್ನು ಓದಿ, ಜಲ್ಲಿರಸ್ತೆಗೆ ಕಾರು ಒಯ್ಯುವುದನ್ನು ಹಲವು ಕರಾರುಗಳು ನಿಷೇಧಿಸುತ್ತವೆ. ಕೋಲ್ಡ್‌ಫುಟ್ ದಾಟಿದ ಮೇಲೆ ಡೆಡ್‌ಹಾರ್ಸ್‌ವರೆಗಿನ ಸುಮಾರು 386 ಕಿ.ಮೀ. ದಾರಿಯಲ್ಲಿ ಒಂದೂ ಪೆಟ್ರೋಲ್ ಬಂಕ್ ಇಲ್ಲವಾದ್ದರಿಂದ, ಅಲ್ಲಿಯೇ ಟ್ಯಾಂಕ್ ಭರ್ತಿ ಮಾಡಿಸಿಕೊಳ್ಳಿ. ಸ್ಟೆಪ್ನಿ ಎರಡಿರಲಿ.

ಉತ್ತರ 2: ಎದುರಿನಿಂದ ಲಾರಿ ಬಂದಾಗ ವೇಗ ತಗ್ಗಿಸಿ ಬಲಕ್ಕೆ ಸರಿದುಕೊಳ್ಳಿ. ನಾನು ಹಾಗೆ ಸರಿದರೂ ಸಿಡಿದ ಕಲ್ಲೊಂದು ಮುಂಗಾಜಿಗೆ ಬಡಿಯಿತು. ಕಡಲೆಕಾಳಿನಷ್ಟಿದ್ದ ಗುರುತು, 1,444 ಮೀಟರ್ ಎತ್ತರದ ಅಟಿಗನ್ ಪಾಸ್ ಏರುವಷ್ಟರಲ್ಲಿ ಗೇಣುದ್ದದ ಬಿರುಕಾಗಿತ್ತು.

ಉತ್ತರ 3: ಧೂಳು ಅಡಗಿಸಲು ರಸ್ತೆಗೆ ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಮಳೆ ಬಂದರೆ ಕೆಸರಿನೊಡನೆ ಕಾರಿಗೆ ಮೆತ್ತಿಕೊಳ್ಳುತ್ತದೆ. ಹಿಂದಿರುಗಿದೊಡನೆ ಅಡಿಭಾಗವನ್ನೂ ತೊಳೆಸಿ.