ವರ ಒಪ್ಪಿಗೆ, ವಂಶ ಕೇಳಬೇಡಿ

“ಅಂತೂ ಸರ್ವರ್‌ನಿಂದ ಮೇಲ್ ಎಳೆದು ತರೋ ಫೆಚ್‌ಮೇಲ್ ಓಡ್ತಿದೆ,” ಎಂದ ಸುಬ್ಬು, ಕಾಫಿ ಬರುವ ಮೊದಲೇ. “ನೋ ಎಸ್‌ಎಸ್‌ಎಲ್ ಸರ್ಟ್ ಚೆಕ್ ಅಂತ ಹಾಕಿದೆ ನೋಡಿ, ಬಾಯಿ ಮುಚ್ಚಿಕೊಳ್ತು.”

ಶಾಮಣ್ಣ ಪೇಪರ್ ಮಡಚಿದರು. “ಅಂದ್ರೆ ಗುರುತಿನ ಸರ್ಟಿಫಿಕೇಟ್ ನೋಡಬೇಡ, ಸರ್ವರ್ ಯಾರು ಅಂತ ಕೇಳಲೇಬೇಡ ಅಂದುಬಿಟ್ಟೆ.”

“ಕೇಳಿದ್ರೆ ಎರರ್ ಬರುತ್ತಲ್ಲ! ‘ಅನೇಬಲ್ ಟು ಗೆಟ್ ಲೋಕಲ್ ಇಶ್ಯೂಯರ್ ಸರ್ಟಿಫಿಕೇಟ್’ ಅಂತೆ, ಅದನ್ನ ಕೊಟ್ಟವರು ಯಾರೋ ಗೊತ್ತಿಲ್ಲವಂತೆ. ಎಲ್ಲರೂ ಇದನ್ನೇ ಹಾಕ್ತಾರೆ ಶಾಮಣ್ಣ.”

“ತಂಗಿ ಮದುವೆಗೆ ಹುಡುಗನ ಮೂರು ತಲೆಮಾರು ಜಾಲಾಡಿದೆ. ಪಾಸ್‌ವರ್ಡ್ ಧಾರೆ ಎರೆಯೋವಾಗ ಮಾತ್ರ ಯಾರಾದ್ರೂ ಆಗಲಿ ಅಂತೀಯಾ?”

“ಎನ್‌ಕ್ರಿಪ್ಷನ್ ಇದೆಯಲ್ಲ, ಗುಟ್ಟಾಗಿ ಮೇಲ್ ತರೋ 993ನೇ ಪೋರ್ಟು,” ಎಂದ ಮೂರ್ತಿ.

“ಇದೆ. ಕಳ್ಳನ ಜೊತೆಗೂ ಗುಟ್ಟಾಗಿಯೇ ಮಾತಾಡಬಹುದು. 2019ರಲ್ಲಿ 6.4ನೇ ಆವೃತ್ತಿ ಬಂದಾಗಿನಿಂದ ಫೆಚ್‌ಮೇಲ್ ತಾನಾಗಿಯೇ ವಿಚಾರಿಸುತ್ತೆ. ಇವನು ಅದನ್ನ ಮೈ ಕೈ ನೋಯಿಸಿಕೊಂಡು ತೆಗೆದಿದ್ದಾನೆ.”

“ಸರ್ಟಿಫಿಕೇಟ್ ಕೊಡೋರೇನು ಹರಿಶ್ಚಂದ್ರರಾ?” ಎಂದ ಮೂರ್ತಿ. “2011ರಲ್ಲಿ ಹಾಲೆಂಡಿನ ಡಿಜಿನೋಟಾರ್ ಅನ್ನೋ ಸರ್ಟಿಫಿಕೇಟ್ ಕಂಪನಿಗೆ ಕನ್ನ ಹಾಕಿ, ಗೂಗಲ್ ಹೆಸರಲ್ಲೇ ಸುಳ್ಳು ಸರ್ಟಿಫಿಕೇಟ್ ಮಾಡಿರಲಿಲ್ವಾ?”

“ಮಾಡಿದ್ರು. ಬ್ರೌಸರ್‌ನವರೆಲ್ಲ ಆ ಹೆಸರನ್ನ ನಂಬಿಕಸ್ಥರ ಪಟ್ಟಿಯಿಂದ ಹೊಡೆದರು. ಆ ಸೆಪ್ಟೆಂಬರ್‌ನಲ್ಲೇ ಕಂಪನಿ ದಿವಾಳಿ. ಒಬ್ಬ ದಳ್ಳಾಳಿ ಸುಳ್ಳು ಹೇಳಿದ ಅಂತ ವಿಚಾರಿಸೋದೇ ಬಿಡ್ತಾರೇನೋ?”

ಸುಬ್ಬುಗೆ ಕಾಫಿ ಬಂತು. ಸರ್ವರ್‌ನದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಟ್ಟ ಸರ್ಟಿಫಿಕೇಟ್. ಕಂಪ್ಯೂಟರ್ ಮಾತ್ರ ಅವರಪ್ಪನ ಕಾಲದ್ದು.

“ಅಲ್ಲೇ ಇದೆ ಗಂಟು,” ಎಂದರು ಶಾಮಣ್ಣ. “2021ರ ಸೆಪ್ಟೆಂಬರ್ 30ಕ್ಕೆ ಅವರು ನೆಚ್ಚಿಕೊಂಡಿದ್ದ ಹಳೇ ರೂಟ್, ಅಂದ್ರೆ ಮೂಲ ಸರ್ಟಿಫಿಕೇಟಿನ ಅವಧಿ ಮುಗೀತು. ಮುತ್ತಜ್ಜ ಹೋದ. ಮನೆತನ ಈಗ ಇನ್ನೊಬ್ಬ ಅಜ್ಜನ ಹೆಸರಲ್ಲಿದೆ. ನಿನ್ನ ಪಟ್ಟಿಯಲ್ಲಿ ಆ ಅಜ್ಜ ಇಲ್ಲ. ಹುಡುಗನಲ್ಲಿ ಯಾವ ದೋಷವೂ ಇಲ್ಲ ಕಣೋ! ಆ ಪಟ್ಟಿ ಇರೋ ಸಿಎ ಸರ್ಟಿಫಿಕೇಟ್ಸ್ ಪ್ಯಾಕೇಜ್ ಹೊಸದು ಹಾಕು.”

“ಅದೆಲ್ಲ ಯಾಕೆ, ಸರ್ವರ್ ಸರ್ಟಿಫಿಕೇಟಿನ ಗುರುತು, ಆ ಫಿಂಗರ್‌ಪ್ರಿಂಟ್ ಬರೆದಿಟ್ಟುಕೊಂಡ್ರೆ ಆಯ್ತಲ್ಲ?” ಮೂರ್ತಿ ಸೋಲುವವನಲ್ಲ.

“90 ದಿನಕ್ಕೆ ಮುಗಿಯೋ ಸರ್ಟಿಫಿಕೇಟ್. ಬದಲಾದಾಗಲೆಲ್ಲ ನೀನೇ ಬಂದು ಬರೆದುಕೊಡ್ತೀಯಾ?”

ಸುಬ್ಬು ಅಲ್ಲೇ ಲ್ಯಾಪ್‌ಟಾಪಿನಿಂದ ಮನೆ ಕಂಪ್ಯೂಟರಿಗೆ ಹೊಕ್ಕ. ಪಟ್ಟಿ ಹೊಸದಾಯಿತು, ‘ನೋ ಚೆಕ್’ ಸಾಲು ಹೋಯಿತು.

“ಎರರ್ ಇಲ್ಲ!”

“ಏನಂತೆ ಈಗ?”

“ನೋ ಮೇಲ್ ಅಂತೆ.”

ಮೂರ್ತಿ ಟೇಬಲ್ ಕುಟ್ಟಿ ನಕ್ಕ. ಶಾಮಣ್ಣ ನಗಲಿಲ್ಲ. “ನಮಗಿನ್ನು ಯಾರು ಬರೀತಾರೆ ಬಿಡು. ಓಟಿಪಿ, ಸಾಲ ಬೇಕಾ ಅನ್ನೋರು, ಅಷ್ಟೇ. ನೀನೇ ಒಂದು ಬರೆದು ಕಳಿಸು, ಬರುತ್ತಾ ನೋಡೋಣ.”

“ಏನಂತ ಬರೀಲಿ?”

“ಉಭಯ ಕುಶಲೋಪರಿ ಸಾಂಪ್ರತ ಅಂತ ಶುರು ಮಾಡು. ಅದಾದ ಮೇಲೆ ಏನು ಬರೀತಿದ್ವೋ... ಮೂರ್ತಿ, ನಿನಗೇನಾದ್ರೂ ನೆನಪಿದೆಯೇನೋ?”