ಭಾನುವಾರದ ನಂದಿ ಸವಾರಿ: ಹೊಸ ತಂಗಿಗೆ ನನ್ನ ಉತ್ತರ

ನಮ್ಮ ಸೈಕಲ್ ಗುಂಪಿನ ಎಲ್ಲರಿಗೂ ನಮಸ್ಕಾರ. ಇಷ್ಟನ್ನೂ ಫೋನಿನಲ್ಲಿ ಟೈಪ್ ಮಾಡುತ್ತಾ ಕುಳಿತರೆ ರಾತ್ರಿಯೇ ಮುಗಿದುಹೋಗುತ್ತದೆ, ಅದಕ್ಕೆ ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ದನಿ ಸಣ್ಣದಾಗಿದ್ದರೆ ಸ್ವಲ್ಪ ಕಿವಿಗೆ ಹತ್ತಿರ ಹಿಡಿದು ಕೇಳಿ.

ಮಲ್ಲೇಶ್ವರದಿಂದ ಹೊಸದಾಗಿ ಸೇರಿರುವ ತಂಗಿ ಬೆಳಿಗ್ಗೆ ಒಂದು ಪ್ರಶ್ನೆ ಕೇಳಿದ್ದಳು. ಎರಡು ತಿಂಗಳ ಹಿಂದೆ ಯಾರಿಂದಲೋ ಹಳೆಯ ಹೈಬ್ರಿಡ್ ಸೈಕಲ್, ಅಂದರೆ ಟಾರು ರಸ್ತೆಗೂ ಮಣ್ಣುದಾರಿಗೂ ಆಗುವಂಥದ್ದು, ಕೊಂಡಿದ್ದಾಳೆ, ಒಂದೇ ಸಲಕ್ಕೆ 30 ಕಿಲೋಮೀಟರ್ ದಾಟಿಲ್ಲ, ಈ ಭಾನುವಾರ ನಮ್ಮ ಜೊತೆ ನಂದಿ ಬೆಟ್ಟಕ್ಕೆ ಬರಬಹುದೇ, ಹಿಂದೆ ಉಳಿದರೆ ಎಲ್ಲರಿಗೂ ತೊಂದರೆಯಲ್ಲವೇ ಎಂದು. ಒಬ್ಬರು "ಅದೇನು ಮಹಾ, ಬಂದುಬಿಡು" ಎಂದರು. ಇನ್ನೊಬ್ಬರು "ಮೂರು ತಿಂಗಳು ಅಭ್ಯಾಸ ಮಾಡು, ಆಮೇಲೆ ನೋಡೋಣ" ಎಂದರು. ನನಗೆ ಎರಡೂ ಸರಿಕಾಣಲಿಲ್ಲ.

ತಂಗಿ, ನೀನು ಬಾ. ಬೆಟ್ಟ ಮಾತ್ರ ಈ ವಾರ ಬೇಡ. ಬೆಂಗಳೂರಿನ ಮಧ್ಯದಿಂದ ಬೆಟ್ಟಕ್ಕೆ ಸುಮಾರು 60 ಕಿಲೋಮೀಟರ್, ಹೋಗಿ ಬಂದರೆ 120. ಮೂವತ್ತು ತುಳಿದ ಕಾಲು ಒಮ್ಮೆಲೇ ನೂರಿಪ್ಪತ್ತು ತುಳಿದರೆ ಮೊಣಕಾಲು ಹಿಡಿದುಕೊಳ್ಳುತ್ತದೆ, ಆಮೇಲೆ ಒಂದು ತಿಂಗಳು ಸೈಕಲ್ಲಿನ ಮುಖ ನೋಡುವುದಕ್ಕೂ ಮನಸ್ಸಾಗುವುದಿಲ್ಲ. ಹಾಗೆ ಬಿಟ್ಟುಹೋದ ಇಬ್ಬರು ಒಳ್ಳೆಯ ಹುಡುಗಿಯರನ್ನು ನಾನು ಕಂಡಿದ್ದೇನೆ. ಆದ್ದರಿಂದ ಹೀಗೆ ಮಾಡೋಣ. ಯಲಹಂಕದ ಅಣ್ಣನ ಕಾರಿನ ಹಿಂದೆ ಸೈಕಲ್ ಕಟ್ಟುವ ಕ್ಯಾರಿಯರ್ ಇದೆ, ಮಧ್ಯಾಹ್ನವೇ ಕೇಳಿ ಒಪ್ಪಿಸಿದ್ದೇನೆ. ದೇವನಹಳ್ಳಿ ಕೋಟೆಯವರೆಗೆ ಕಾರಿನಲ್ಲಿ ಬಾ. ಅಲ್ಲಿಂದ ನಮ್ಮ ಜೊತೆ ನಂದಿ ಗ್ರಾಮದ ಭೋಗ ನಂದೀಶ್ವರ ದೇವಸ್ಥಾನದವರೆಗೆ ತುಳಿ, ಮತ್ತೆ ಕೋಟೆಗೆ ಬಾ. ಅದು 50 ಕಿಲೋಮೀಟರಿನ ಒಳಗೇ ಆಗುತ್ತದೆ, ನಿನಗೆ ಹೊಸದು, ಆದರೆ ಹೊರೆಯಲ್ಲ.

ಆ ದೇವಸ್ಥಾನಕ್ಕೆ ಸುಮ್ಮನೆ ಹೋಗಿ ಕೂರುವುದಕ್ಕಾದರೂ ಬರಬೇಕು. ಒಂಬತ್ತನೆಯ ಶತಮಾನದ ಕಟ್ಟಡ, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದೊಡ್ಡ ಕಲ್ಯಾಣಿ. ಬೆಳಗಿನ ಹೊತ್ತು ಕಲ್ಲು ತಣ್ಣಗಿರುತ್ತದೆ, ತುಳಿದು ಬಂದ ಪಾದ ಊರಿದರೆ ನೋವೆಲ್ಲ ಇಳಿದುಹೋಗುತ್ತದೆ. ಕೆಳಗೆ ಭೋಗ ನಂದೀಶ್ವರ, ಬೆಟ್ಟದ ಮೇಲೆ ಯೋಗ ನಂದೀಶ್ವರ. ಈ ವಾರ ನಿನಗೆ ಭೋಗ, ಒಂದೂವರೆ ತಿಂಗಳು ಬಿಟ್ಟು ಯೋಗ. ವಿಜಯನಗರದ ಮೇಷ್ಟ್ರು ಹತ್ತಿರದ ಮುದ್ದೇನಹಳ್ಳಿಗೂ ಹೋಗಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು ನೋಡೋಣ ಎನ್ನುತ್ತಿದ್ದಾರೆ. ಕಾಲಿನಲ್ಲಿ ಕಸುವು ಉಳಿದಿದ್ದವರು ಹೋಗಲಿ, ನೀನು ನೆರಳಿನಲ್ಲಿ ಕುಳಿತಿರು.

ಹಿಂದೆ ಉಳಿಯುತ್ತೇನೆ ಎಂಬ ಹೆದರಿಕೆಯನ್ನು ಇವತ್ತೇ ಬಿಡು. ನಮ್ಮಲ್ಲಿ ಕೊನೆಯವರ ಹಿಂದೆ ಯಾವಾಗಲೂ ಒಬ್ಬರು ಇರುತ್ತಾರೆ, ಈ ಭಾನುವಾರ ಆ ಕೆಲಸ ನನ್ನದು. ನೀನು ಗಂಟೆಗೆ ಹದಿನಾಲ್ಕು ಕಿಲೋಮೀಟರ್ ಹೋದರೆ ನಾನೂ ಹದಿನಾಲ್ಕೇ. ಮುಂದೆ ಹೋಗುವ ಹುಡುಗರಿಗೂ ಇಲ್ಲಿಯೇ ಹೇಳುತ್ತಿದ್ದೇನೆ, ಪ್ರತಿ ತಿರುವಿನಲ್ಲೂ ನಿಂತು ಎಲ್ಲರನ್ನೂ ಎಣಿಸಿಕೊಂಡು ಹೋಗಬೇಕು. ಕಳೆದ ಸಲ ಒಬ್ಬರು ತಪ್ಪು ಕವಲಿಗೆ ಹೋಗಿ ಮುಕ್ಕಾಲು ಗಂಟೆ ಒಬ್ಬರೇ ನಿಂತಿದ್ದರು. ಅದು ಮತ್ತೆ ಆಗಬಾರದು.

ಈಗ ಬೆಟ್ಟ ಹತ್ತುವವರಿಗೂ ಒಂದು ಮಾತು. ಇಲ್ಲಿ ಬರುವ ಪ್ರಶ್ನೆಗಳೆಲ್ಲ ಏರಿನ ಬಗ್ಗೆಯೇ, ಯಾವ ಗೇರು, ಎಷ್ಟು ನಿಮಿಷ, ಎಲ್ಲಿ ಕಡಿದು ಎಂದು. ಏರಿನಲ್ಲಿ ಸುಸ್ತಾದರೆ ಕಾಲು ಕೆಳಗಿಟ್ಟು ನಿಲ್ಲಬಹುದು. ಇಳಿಜಾರಿನಲ್ಲಿ ಆ ಅವಕಾಶ ಇರುವುದಿಲ್ಲ. ನಂದಿಯ ತುದಿ 1478 ಮೀಟರ್ ಎತ್ತರದಲ್ಲಿದೆ, ಹೇರ್‌ಪಿನ್ ತಿರುವುಗಳ ಮೇಲೆ ತಿರುವು, ಜೊತೆಗೆ ಮಂಜು, ಕೋತಿಗಳು, ತಿರುವಿನ ಒಳಅಂಚಿಗೆ ಬಂದು ನಿಂತ ಜಲ್ಲಿ. ಸೂರ್ಯೋದಯ ನೋಡಲು ಹೋದ ಬೈಕಿನವರು ನಾವು ಹತ್ತುವ ಹೊತ್ತಿಗೆ ಸರಿಯಾಗಿ ಇಳಿಯಲು ಶುರುಮಾಡುತ್ತಾರೆ, ತಿರುವಿನಲ್ಲಿ ಅರ್ಧ ರಸ್ತೆ ದಾಟಿ ನಮ್ಮ ಕಡೆಗೇ ಬರುತ್ತಾರೆ.

ನಾನು ಅಲ್ಲಿಯೇ ಬಿದ್ದಿದ್ದೆ. ನಾಲ್ಕು ವರ್ಷದ ಹಿಂದೆ, ಸಣ್ಣ ತುಂತುರು ಇತ್ತು. ಹೆದರಿಕೆಗೆ ಮೇಲಿನಿಂದಲೇ ಬ್ರೇಕನ್ನು ಬಿಡದೆ ಹಿಡಿದುಕೊಂಡು ಬಂದೆ. ಬೆರಳುಗಳು ಮರಗಟ್ಟಿ, ಬೇಕಾದ ತಿರುವಿನಲ್ಲಿ ಹಿಡಿತವೇ ಇರಲಿಲ್ಲ. ಮುಂದಿನ ಚಕ್ರ ಜಲ್ಲಿಯ ಮೇಲೆ ಜಾರಿತು. ಸೌತೆಕಾಯಿ ಮಾರುವ ತಾಯಿಯೊಬ್ಬರು ಓಡಿಬಂದು, ತಮ್ಮ ಬಿಂದಿಗೆಯ ನೀರನ್ನು ಮೊಣಕೈಗೆ ಹೊಯ್ದು, ಸೆರಗಿನಲ್ಲೇ ಒರೆಸಿದರು. ಆಗ ಹಾಕಿದ್ದ ಹೆಲ್ಮೆಟ್ ಇನ್ನೂ ನಮ್ಮ ನಡುಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಹೊರಗಿನಿಂದ ನೋಡಿದರೆ ಒಂದು ಗೀರು, ಅಷ್ಟೇ. ತಿರುಗಿಸಿದರೆ ಒಳಗಿನ ಥರ್ಮೋಕೋಲ್ ಕಿವಿಯ ಮೇಲಿನಿಂದ ನೆತ್ತಿಯವರೆಗೆ ಸೀಳಿದೆ, ಉಗುರು ಹೋಗುವಷ್ಟು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಬಾರದು ಎಂದು ನಾನು ಹೇಳುತ್ತಿರುವುದು ಅದಕ್ಕೇ. ತಂಗಿ, ಸೈಕಲ್ ಹಳೆಯದಾಗಿರಲಿ, ಹೆಲ್ಮೆಟ್ ಮಾತ್ರ ಹೊಸದನ್ನೇ ಕೊಂಡುಕೋ.

ಆಮೇಲೆ ಇಳಿಯುವುದನ್ನು ಮೊದಲಿನಿಂದ ಕಲಿತೆ. ತಿರುವಿಗೆ ಮುಂಚೆ, ನೇರ ರಸ್ತೆಯಲ್ಲಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಬೇಕು, ತಿರುವಿನೊಳಗೆ ಬೆರಳು ಸಡಿಲಬೇಕು. ಒಳಗಡೆಯ ಪೆಡಲ್ ಮೇಲಿರಬೇಕು, ಕೆಳಗಿದ್ದರೆ ನೆಲಕ್ಕೆ ತಾಗುತ್ತದೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆಗಿರಬೇಕು, ಸೈಕಲ್ ಕಣ್ಣು ಹೋದತ್ತಲೇ ಹೋಗುತ್ತದೆ. ಕೈ ಸೋತರೆ ನಾಚಿಕೆಪಡದೆ ಬದಿಗೆ ನಿಂತು ಬೆರಳು ಕೊಡವಿಕೊಳ್ಳಿ. ರಿಮ್ ಹಿಡಿಯುವ ಬ್ರೇಕ್ ಇದ್ದವರಿಗೆ ಅಷ್ಟರಲ್ಲಿ ಕಾದ ರಿಮ್ ಕೂಡ ಆರುತ್ತದೆ.

ತಂಗಿಯ ಸೈಕಲ್ ಕೈ ಬದಲಾಗಿ ಬಂದದ್ದು, ಆದ್ದರಿಂದ ಬ್ರೇಕಿನ ರಬ್ಬರ್ ಗಟ್ಟಿಯಾಗಿರುವ ಸಂಭವ ಹೆಚ್ಚು. ಮನೆಯಲ್ಲೇ ನೋಡಬಹುದು: ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳು. ಹಿಂದಿನ ಚಕ್ರ ಮೇಲೆದ್ದರೆ ಸರಿ. ಮುಂದಿನ ಚಕ್ರ ಉರುಳುತ್ತಲೇ ಹೋದರೆ ರಬ್ಬರ್ ಬದಲಾಯಿಸಬೇಕು. ಗಾಳಿ ಎಷ್ಟಿರಬೇಕು ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಕೈಯಿಂದ ಅಮುಕಿ ಅಂದಾಜು ಮಾಡಬೇಡ. ಸೀಟಿನ ಎತ್ತರಕ್ಕೆ, ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೆಟ್ಟಗಾಗಬೇಕು. ಬಹಳ ಜನ ಸೀಟು ತಗ್ಗಿಸಿಕೊಂಡು ಮೊಣಕಾಲು ಕೆಡಿಸಿಕೊಳ್ಳುತ್ತಾರೆ.

ಪಂಕ್ಚರ್ ಹಾಕುವುದನ್ನು ಮನೆಯಲ್ಲಿ ಒಮ್ಮೆಯಾದರೂ ಮಾಡಿ ನೋಡಿರಬೇಕು. ನಾವು ಹೋಗುವ ಬಳ್ಳಾರಿ ರಸ್ತೆಯ ಅಂಚಿನಲ್ಲಿ ಒಡೆದ ಲಾರಿ ಟೈರುಗಳ ಸಣ್ಣ ಸಣ್ಣ ತಂತಿ ಬಿದ್ದಿರುತ್ತದೆ, ಕೂದಲೆಳೆಯಷ್ಟು, ಕಣ್ಣಿಗೆ ಕಾಣುವುದೇ ಇಲ್ಲ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಹಳೆಯ ಬಟ್ಟೆಯನ್ನು ಒಂದು ಸುತ್ತು ಎಳೆ. ಎಲ್ಲಿ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಂತಿ ಇದೆ. ಅದನ್ನು ಕೀಳದೆ ಟ್ಯೂಬ್ ಹಾಕಿದರೆ ಐದು ನಿಮಿಷಕ್ಕೆ ಮತ್ತೆ ಪಂಕ್ಚರ್.

ಪೆಡಲಿಗೆ ಲಾಕ್ ಆಗುವ ಸೈಕಲ್ ಶೂ ಬೇಕೇ ಎಂದೂ ನೀನು ಕೇಳಿದ್ದೆ. ಈಗ ಬೇಡವೇ ಬೇಡ. ಆ ಹಣಕ್ಕೆ ಪ್ಯಾಡ್ ಇರುವ ಚಡ್ಡಿ ಕೊಂಡುಕೋ, ಅದರೊಳಗೆ ಬೇರೆ ಒಳಉಡುಪು ಹಾಕಬೇಡ, ಹೊಲಿಗೆ ಉಜ್ಜಿ ತೊಡೆ ಕೆತ್ತುತ್ತದೆ. ಈ ಮಾತನ್ನು ಗಂಡಸರ ಗುಂಪಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ನಾನು ಒಂದು ವರ್ಷ ಸುಮ್ಮನೆ ನೋವು ತಿಂದೆ. ಶೌಚಾಲಯ ಎಲ್ಲೆಲ್ಲಿ ಇದೆ ಎಂದು ನಿನಗೆ ಪ್ರತ್ಯೇಕವಾಗಿ ಹೇಳುತ್ತೇನೆ. ಅದಕ್ಕೆ ಹೆದರಿ ನೀರು ಕುಡಿಯದೆ ಬರಬೇಡ. ಗಂಟೆಗೆ ಅರ್ಧ ಲೀಟರಾದರೂ ಒಳಗೆ ಹೋಗಬೇಕು, ಒಂದು ಬಾಟಲಿಗೆ ಉಪ್ಪು, ನಿಂಬೆರಸ ಹಾಕಿಕೋ. ಬಾಳೆಹಣ್ಣು, ಕಡಲೆ ಮಿಠಾಯಿ ಜೇಬಿನಲ್ಲಿರಲಿ, ಹಸಿವಾಗುವ ಮೊದಲೇ ತಿನ್ನು.

ನಗರದಿಂದ ತುಳಿಯುವವರು ನಾಲ್ಕೂ ಮುಕ್ಕಾಲಕ್ಕೆ ಮೇಖ್ರಿ ವೃತ್ತದಲ್ಲಿ ಸೇರಬೇಕು. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇಲ್ಲದವರನ್ನು ಕರೆದುಕೊಂಡು ಹೋಗುವುದಿಲ್ಲ, ಯಾರೇ ಆಗಿರಲಿ. ಹೆಬ್ಬಾಳ ದಾಟಿದ ಮೇಲೆ ಮೇಲ್ಸೇತುವೆ ಏರಬೇಡಿ, ಕೆಳಗಿನ ಸರ್ವಿಸ್ ರಸ್ತೆಯಲ್ಲೇ ಒಬ್ಬರ ಹಿಂದೆ ಒಬ್ಬರು. ವಿಮಾನ ಹಿಡಿಯುವ ಅವಸರದಲ್ಲಿರುವ ಕಾರುಗಳಿಗೆ ಆ ಹೊತ್ತಿನಲ್ಲಿ ನಾವು ಕಾಣುವುದಿಲ್ಲ. ಕಿವಿಯಲ್ಲಿ ಹಾಡು ಬೇಡ. ಮುಂದಿನವರು "ಗುಂಡಿ" ಎಂದು ಕೂಗಿದರೆ ಆ ಕೂಗು ಕೊನೆಯವರೆಗೂ ಬರಬೇಕು.

ತಂಗಿ, ಶನಿವಾರ ಸಂಜೆ ಐದರ ಮೇಲೆ ಸೈಕಲ್ ತಳ್ಳಿಕೊಂಡು ನಮ್ಮ ಮನೆಗೆ ಬಾ, ಬ್ರೇಕಿನ ರಬ್ಬರ್ ಒಂದು ಜೊತೆ ನನ್ನ ಬಳಿ ಇದೆ, ಹೊಂದಿದರೆ ಅಲ್ಲೇ ಹಾಕಿಬಿಡೋಣ. ಅಡ್ರೆಸ್ ನಿನಗೊಬ್ಬಳಿಗೇ ಕಳುಹಿಸುತ್ತೇನೆ. ಯಲಹಂಕದ ಅಣ್ಣ, ಕ್ಯಾರಿಯರ್‌ನ ಪಟ್ಟಿ ಒಂದು ಸಡಿಲವಾಗಿದೆ ಎಂದಿದ್ದಿರಲ್ಲ, ಶುಕ್ರವಾರದೊಳಗೆ ಬದಲಾಯಿಸಿಕೊಳ್ಳಿ, ದಯವಿಟ್ಟು ಮರೆಯಬೇಡಿ.